ಸುರಪುರದ ನೆಲ, ವಿದ್ವತ್ತಿನ ಗೌರವ

ವಿದ್ವಾಂಸರಿಗೆ ಪ್ರಶಸ್ತಿ ಸಂದಾಗ ನಾವು ಅವರ ಹೆಸರನ್ನೂ ಅವರ ವಿದ್ಯಾಸಂಸ್ಥೆಯನ್ನೂ ಕೊಂಡಾಡುತ್ತೇವೆ. ಆ ವಿದ್ವತ್ತಿಗೆ ಆಶ್ರಯವಿತ್ತ ನೆಲವನ್ನು ನೆನೆಯುವುದು ವಿರಳ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ತ್ವದ ಪ್ರಾಧ್ಯಾಪಕರೂ ನಿರ್ದೇಶಕರೂ ಆಗಿದ್ದ ಡಾ. ಕೆ. ಪದ್ದಯ್ಯನವರಿಗೆ 2012ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆ ಗೌರವದ ಬೇರುಗಳಿರುವುದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣಾ-ಭೀಮಾ ನದಿಗಳ ನಡುವಣ ಸುರಪುರ ಸೀಮೆಯಲ್ಲಿ.

ಈ ಸೀಮೆಯ ಪ್ರಾಚೀನತೆಯನ್ನು ಶಾಸ್ತ್ರದೃಷ್ಟಿಯಿಂದ ಮೊದಲು ಕಂಡವರು ಮೆಡೋಸ್ ಟೇಲರ್ ಸಾಹೇಬರು. ಬಾಲಕರಾಗಿದ್ದ ರಾಜಾ ವೆಂಕಟಪ್ಪನಾಯಕರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು 1840ರ ದಶಕದಲ್ಲಿ ಅವರು ಸುರಪುರಕ್ಕೆ ಬಂದರು. ರಾಜನಕೋಳೂರಿನ ಕಲ್ಲುಚಪ್ಪಡಿಯ ಸಮಾಧಿಗಳನ್ನೂ ಶಹಾಪುರದ ಬಳಿಯ ವಿಭೂತಿಹಳ್ಳಿಯ ಶಿಲಾಪಂಕ್ತಿಗಳನ್ನೂ ಅವರು ವರ್ಣಿಸಿದರು; ಜೇವರ್ಗಿಯಲ್ಲಿ ಸಮಾಧಿಗಳನ್ನು ಅಗೆಸಿ, ಒಳಗಿನ ಪದರಗಳ ಚಿತ್ರ ಬರೆದಿಟ್ಟರು. ಕಾಲೇಜಿನ ಮೆಟ್ಟಿಲೇರದ ಈ ಆಡಳಿತಗಾರರ ಕ್ರಮಬದ್ಧತೆಯನ್ನು, ಸುಮಾರು ನೂರು ವರ್ಷಗಳ ತರುವಾಯ ಮಾರ್ಟಿಮರ್ ವೀಲರರಂತಹ ಪುರಾತತ್ತ್ವಜ್ಞರು ಮೆಚ್ಚಿ ಬರೆದರು. ಮನ್ನಣೆ ಬರಲು ಒಂದು ಶತಮಾನವೇ ಬೇಕಾಯಿತು.

1960ರ ದಶಕದಲ್ಲಿ ಪದ್ದಯ್ಯನವರು ಸಂಶೋಧನಾ ವಿದ್ಯಾರ್ಥಿಯಾಗಿ ಇಲ್ಲಿಗೆ ಬಂದರು. ಕೊಡೇಕಲ್ಲವೆಂದೊಡನೆ ಭಕ್ತರಿಗೆ ಕೊಡೇಕಲ್ಲ ಬಸವಣ್ಣನವರ ಸ್ಮರಣೆಯಾಗುತ್ತದೆ. ಅದೇ ಊರಿನ ಬೂದಿದಿಬ್ಬದಲ್ಲಿ ಈ ವಿದ್ಯಾರ್ಥಿಯು ನವಶಿಲಾಯುಗದ ಪಶುಪಾಲಕರ ನೆಲೆಯನ್ನು ಕಂಡರು. ದೊಡ್ಡಿಯಲ್ಲಿ ರಾಶಿಯಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಉಂಟಾದ ದಿಬ್ಬಗಳಿವು. ಅವರ ಸಂಶೋಧನೆಯು 1973ರಲ್ಲಿ ಹಾಲೆಂಡಿನ ಲೈಡನ್ ನಗರದಿಂದ ಗ್ರಂಥರೂಪದಲ್ಲಿ ಪ್ರಕಟವಾಯಿತು. ಮುಂದೆ ಬೂದಿಹಾಳದಲ್ಲಿ ನಡೆಸಿದ ಉತ್ಖನನದಲ್ಲಿ ದನದ ದೊಡ್ಡಿ, ವಸತಿಯ ನೆಲೆ, ಮಕ್ಕಳನ್ನು ಮಡಕೆಗಳಲ್ಲಿರಿಸಿ ಹೂಳಿದ ಕುರುಹುಗಳು ದೊರೆತು, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಗ್ರಾಮಜೀವನವು ಕಣ್ಣಿಗೆ ಕಟ್ಟುವಂತಾಯಿತು.

ಇದಕ್ಕಿಂತ ಹಿಂದಿನ ಅಧ್ಯಾಯವೊಂದಿದೆ. ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ಹಳೆಯ ಶಿಲಾಯುಗದ ಮಾನವನ ಅನೇಕ ನೆಲೆಗಳು ಬೆಳಕಿಗೆ ಬಂದವು. ಇಸಾಂಪುರದಲ್ಲಿ ಆದಿಮಾನವನು ಸುಣ್ಣಕಲ್ಲಿನ ಚಪ್ಪಡಿಗಳನ್ನೊಡೆದು ಕೈಗೊಡಲಿಗಳನ್ನು ಮಾಡಿದ ತಾಣವೇ ದೊರೆಯಿತು. ಅಲ್ಲಿ ಸಿಕ್ಕ ಗೋವಂಶದ ಪ್ರಾಣಿಗಳ ಹಲ್ಲುಗಳು ಕಾಲನಿರ್ಣಯಕ್ಕೆ ನೆರವಾದವು. ನೆಲದಲ್ಲಿ ಹೂತ ಹಲ್ಲು ಸುತ್ತಣ ಮಣ್ಣಿನ ಸಹಜ ವಿಕಿರಣವನ್ನು ಹೀರುತ್ತ ಹೋಗುತ್ತದೆ. ಅದರ ಗುರುತು ಹಲ್ಲಿನ ಗಟ್ಟಿ ಹೊದಿಕೆಯಲ್ಲಿ ಉಳಿಯುತ್ತದೆ. ಆ ಸಂಚಯವನ್ನು ಅಳೆದು, 2002ರಲ್ಲಿ ಸುಮಾರು 12 ಲಕ್ಷ ವರ್ಷಗಳೆಂಬ ಗಣನೆಯನ್ನು ಪ್ರಕಟಿಸಲಾಯಿತು. ಪುರಾತತ್ತ್ವ, ಭೂವಿಜ್ಞಾನ, ಭೌತವಿಜ್ಞಾನಗಳು ಒಂದುಗೂಡಿ ಮಾಡಿದ ಕಾರ್ಯವಿದು.

ವಿದ್ಯಾರ್ಥಿಯಾಗಿ ಕಾಲಿಟ್ಟ ಸೀಮೆಯನ್ನು ಪ್ರಾಧ್ಯಾಪಕರಾದ ಮೇಲೆಯೂ ಬಿಡದೆ, ದಶಕಗಳ ಕಾಲ ಅಲ್ಲಿಯೇ ನಿಷ್ಠೆಯಿಂದ ದುಡಿದದ್ದರ ಫಲ ಆ ಪದ್ಮಶ್ರೀ. ಪ್ರಶಸ್ತಿಗಾಗಿ ವಿಷಯವನ್ನು ಅರಸುವವರು ಗಮನಿಸಬೇಕಾದ ಸಂಗತಿಯಿದು.

ಆದರೆ ಗೌರವ ಪಡೆದ ವಿದ್ವತ್ತಿನ ಮೂಲಸಾಕ್ಷ್ಯಗಳು ಬಯಲಿನಲ್ಲಿವೆ. ನಾರಾಯಣಪುರ ಜಲಾಶಯದ ಕಾಲುವೆಗಳು ಈ ನಾಡಿಗೆ ಅನ್ನವನ್ನು ತಂದಿವೆ. ಅದು ಸಂತೋಷದ ಮಾತೇ. ಆದರೆ ಹೊಲವನ್ನು ಸಮತಟ್ಟು ಮಾಡುವ ಒಂದು ದಿನದ ಕೆಲಸದಲ್ಲಿ ಲಕ್ಷಾಂತರ ವರ್ಷಗಳ ಕುರುಹು ಅಳಿದುಹೋಗಬಲ್ಲದು. ಬೂದಿಯ ಮಣ್ಣನ್ನು ಗೊಬ್ಬರವೆಂದು ಹೇರಿದರೆ ದಿಬ್ಬವೇ ಇಲ್ಲವಾಗುತ್ತದೆ. ರೈತನಿಗೆ ಅದರ ಬೆಲೆಯನ್ನು ತಿಳಿಸದೆ ಅವನನ್ನು ದೂರುವುದು ನ್ಯಾಯವಲ್ಲ.

ಯಾದಗಿರಿ, ಶಹಾಪುರ, ಸುರಪುರಗಳ ಶಾಲಾ-ಕಾಲೇಜುಗಳಲ್ಲಿ ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಅಧ್ಯಾಪಕರಾಗಿರಬಹುದು. ಅವರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಈ ನೆಲೆಗಳಿಗೆ ಕರೆದೊಯ್ದು, ಕಲ್ಲನ್ನು ಕದಲಿಸದೆ ನೋಡುವ ಶಿಸ್ತನ್ನು ಕಲಿಸಲಿ. ಈ ಮಣ್ಣನ್ನು ಓದಿ ಹೊರಗಿನವರು ಕೀರ್ತಿ ಗಳಿಸಿದರೆಂಬುದು ಅಸೂಯೆಯ ವಿಷಯವಲ್ಲ, ಕೃತಜ್ಞತೆಯ ವಿಷಯ. ಮುಂದಿನ ಪುಟವನ್ನು ಈ ನೆಲದ ಮಕ್ಕಳೇ ಓದುವಂತಾಗಲಿ ಎಂಬುದು ನಮ್ಮ ಹಾರೈಕೆ.