ಜೋಳದೆಲೆಯ ಜಾಣತನ

ಯಾದಗಿರಿ, ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಜೋಳ ಹಳೆಯ ಬೆಳೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಭತ್ತ, ಹತ್ತಿ ಹಬ್ಬಿದವು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಇವೆಲ್ಲ ಒಂದೇ ರೀತಿ ಬಳಸುವುದಿಲ್ಲ.

ಸಸ್ಯಗಳು ಈ ಅನಿಲದಿಂದಲೇ ತಮ್ಮ ಮೈಯ ಇಂಗಾಲವನ್ನು ಪಡೆಯುತ್ತವೆಂದು ಸ್ವಿಟ್ಜರ್ಲೆಂಡಿನ ಸೊಸ್ಯೂರ್ 1804ರಲ್ಲಿ ಅಳೆದು ತೋರಿಸಿದರು. ಬೆಳಕು, ನೀರು ಸಾಕಷ್ಟಿದ್ದರೆ ಅನಿಲ ಹೆಚ್ಚಿದಂತೆ ಭತ್ತ, ಹತ್ತಿ, ತೊಗರಿಗಳ ದ್ಯುತಿಸಂಶ್ಲೇಷಣೆ ಒಂದು ಮಿತಿಯವರೆಗೆ ಚುರುಕಾಗುತ್ತದೆ. ಜೋಳದ ದಾರಿಯೇ ಬೇರೆ. ಅದು ಅನಿಲವನ್ನು ಎಲೆಯೊಳಗೆ ಮೊದಲೇ ಒಟ್ಟುಗೂಡಿಸಿಕೊಂಡು ಆಹಾರ ತಯಾರಿಸುತ್ತದೆ. ಹೊರಗೆ ಹೆಚ್ಚಿದರೂ ವೇಗ ಅಷ್ಟಾಗಿ ಏರದು. ಕಬ್ಬಿನಲ್ಲೂ ಇರುವ ಈ ಮಾರ್ಗವನ್ನು ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ವಿವರಿಸಿದರು.

ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಈ ಅನಿಲ ಇಂದು 420ನ್ನು ದಾಟಿದೆ. ಹಾಗಾದರೆ ಹತ್ತಿಗೆ ಲಾಭ, ಜೋಳಕ್ಕೆ ನಷ್ಟವೇ? ಅಷ್ಟು ಸರಳವಲ್ಲ. ಅದೇ ಅನಿಲ ಭೂಮಿಯ ಕಾವನ್ನೂ ಏರಿಸುತ್ತಿದೆ. ತೀವ್ರ ಬರದಲ್ಲಿ ಎಲೆಯ ರಂಧ್ರಗಳು ಮುಚ್ಚಿಕೊಂಡಾಗ ಆ ಲಾಭ ಕರಗುತ್ತದೆ. ಕಡಿಮೆ ನೀರಿನಲ್ಲಿ ಹೆಚ್ಚು ದುಡಿಯುವ ಜೋಳದ ಬೆಲೆ ತಿಳಿಯುವುದು ಆಗಲೇ. ಕಾಲುವೆ ತಲುಪದ ಹೊಲದಲ್ಲಿ ಬಿತ್ತುವ ಮುನ್ನ ನೆನೆಯಬೇಕಾದ ಮಾತಿದು.