ಕಾಗದದ ರಾಶಿಯಲ್ಲಿ ಕಳೆದುಹೋದ ಕೊಲೆಗಾರ

ಸರಣಿ ಕೊಲೆಗಾರನೆಂದರೆ ಊರಿನಿಂದ ದೂರ ಅಡಗಿರುವ ರಾಕ್ಷಸನ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. 1975ರಿಂದ 1980ರವರೆಗೆ ಉತ್ತರ ಇಂಗ್ಲೆಂಡನ್ನು ನಡುಗಿಸಿದ ಪೀಟರ್ ಸಟ್‌ಕ್ಲಿಫ್ ಅಂಥವನಲ್ಲ. ಬ್ರ್ಯಾಡ್‌ಫರ್ಡ್‌ನಲ್ಲಿ ಹೆಂಡತಿಯೊಡನೆ ವಾಸವಾಗಿದ್ದ ಲಾರಿ ಚಾಲಕ. 13 ಮಹಿಳೆಯರನ್ನು ಕೊಂದು, ಇನ್ನೂ ಏಳು ಮಂದಿಯನ್ನು ಕೊಲ್ಲಲು ಯತ್ನಿಸಿದ ಈತನನ್ನು ಪೊಲೀಸರು ಒಂಬತ್ತು ಬಾರಿ ಪ್ರಶ್ನಿಸಿದ್ದರು. ಪ್ರತಿ ಬಾರಿಯೂ ಬಿಟ್ಟುಬಿಟ್ಟಿದ್ದರು.

ಇದು ಹೇಗೆ ಸಾಧ್ಯವಾಯಿತು? ಮೊದಲ ಕಾರಣ ಕಾಗದ. ಲೀಡ್ಸ್‌ನ ಮಿಲ್‌ಗಾರ್ತ್ ಠಾಣೆಯಲ್ಲಿ ತನಿಖೆಯ ಮಾಹಿತಿಯೆಲ್ಲ ಕಾರ್ಡುಗಳಲ್ಲಿತ್ತು. ಕಡತಗಳ ಭಾರಕ್ಕೆ ಕೋಣೆಯ ನೆಲವನ್ನೇ ಭದ್ರಪಡಿಸಬೇಕಾಯಿತು. 1977ರಲ್ಲಿ ಹತಳಾದ ಮಹಿಳೆಯ ಕೈಚೀಲದಲ್ಲಿ ಸಿಕ್ಕ ಹೊಸ ಐದು ಪೌಂಡಿನ ನೋಟು, ಸಟ್‌ಕ್ಲಿಫ್ ದುಡಿಯುತ್ತಿದ್ದ ಕಂಪೆನಿಯವರೆಗೂ ಪೊಲೀಸರನ್ನು ಕರೆದೊಯ್ದಿತ್ತು. ವೇಶ್ಯಾವಾಟಿಕೆಗಳ ಬಳಿ ಆತನ ಕಾರು ಪದೇ ಪದೇ ಕಂಡದ್ದೂ ದಾಖಲಾಗಿತ್ತು. ಆದರೆ ಒಂದು ಕಾರ್ಡಿನ ಮಾಹಿತಿ ಇನ್ನೊಂದರ ಜತೆ ಕೂಡಲೇ ಇಲ್ಲ.

ಎರಡನೆಯದು ಒಂದು ಧ್ವನಿಸುರುಳಿ. ಕೊಲೆಗಾರ ತಾನೇ ಎಂದು ಹೇಳಿಕೊಂಡ ಈ ದನಿ 1979ರ ಜೂನ್‌ನಲ್ಲಿ ಪೊಲೀಸರ ಕೈಸೇರಿತು. ಭಾಷಾತಜ್ಞರು ಆ ಮಾತಿನ ಧಾಟಿ ಸಂಡರ್‌ಲೆಂಡ್ ಕಡೆಯದೆಂದು ಗುರುತಿಸಿದರು. ಅದು ಸರಿಯೇ ಆಗಿತ್ತು. ಆದರೆ ಮಾತಾಡಿದವನು ಕೊಲೆಗಾರನಲ್ಲ! ಯಾರ್ಕ್‌ಷೈರ್ ಧಾಟಿಯ ಸಟ್‌ಕ್ಲಿಫ್ ಸಂಶಯದಿಂದ ಪಾರಾದ. ಅನಂತರ ಮತ್ತೆ ಮೂವರು ಮಹಿಳೆಯರು ಪ್ರಾಣ ತೆತ್ತರು. ಈ ಮೋಸಗಾರ ಡಿಎನ್‌ಎ ಪರೀಕ್ಷೆಯಿಂದ ಸಿಕ್ಕಿಬಿದ್ದು, 2006ರಲ್ಲಿ ಎಂಟು ವರ್ಷಗಳ ಶಿಕ್ಷೆಗೊಳಗಾದ.

ಮೂರನೆಯದು, ಬಹುಶಃ ಎಲ್ಲಕ್ಕಿಂತ ದೊಡ್ಡದು, ಪೂರ್ವಗ್ರಹ. ಕೊಲೆಗಾರನಿಗೆ ವೇಶ್ಯೆಯರ ಮೇಲೆ ಮಾತ್ರ ದ್ವೇಷವೆಂದು ಪೊಲೀಸರು ನಂಬಿದರು. ಈ ಚೌಕಟ್ಟಿಗೆ ಹೊಂದದ ಹಲ್ಲೆಗಳನ್ನು ಬದಿಗೆ ಸರಿಸಿದರು. 1975ರಲ್ಲಿ ಬದುಕುಳಿದ 14 ವರ್ಷದ ಬಾಲಕಿ ನೀಡಿದ ಚಹರೆ ಸಟ್‌ಕ್ಲಿಫ್‌ನನ್ನು ಬಹಳಷ್ಟು ಹೋಲುತ್ತಿದ್ದರೂ ಅದು ಉಪಯೋಗಕ್ಕೆ ಬರಲಿಲ್ಲ. ‘ಮುಗ್ಧ’ ಹೆಂಗಸರು, ಇತರರು ಎಂದು ಸತ್ತವರನ್ನೂ ವಿಂಗಡಿಸಿ ಆಡಿದ ಮಾತಿಗೆ ಪಶ್ಚಿಮ ಯಾರ್ಕ್‌ಷೈರ್ ಪೊಲೀಸರು ಕ್ಷಮೆ ಕೇಳಿದ್ದು 2020ರಲ್ಲಿ.

1981ರ ಜನವರಿ 2ರಂದು ಷೆಫೀಲ್ಡ್‌ನಲ್ಲಿ ಗಸ್ತಿನ ಪೊಲೀಸರು ಸುಳ್ಳು ನಂಬರ್ ಪ್ಲೇಟಿನ ಕಾರಿನಲ್ಲಿದ್ದ ಈತನನ್ನು ಹಿಡಿದರು. ಮೂತ್ರ ವಿಸರ್ಜನೆಗೆಂದು ಆತ ಬದಿಗೆ ಹೋಗಿದ್ದು ನೆನಪಾಗಿ ಸಾರ್ಜೆಂಟ್ ಮರುದಿನ ಅದೇ ಜಾಗಕ್ಕೆ ಮರಳಿದಾಗ ಸುತ್ತಿಗೆ, ಚಾಕು ಸಿಕ್ಕವು. ಆತ ತಪ್ಪೊಪ್ಪಿಕೊಂಡ.

ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದಾಗ ದೇವರ ದನಿ ಕೇಳಿತೆಂದು ಆತ ಹೇಳಿದ. ಇದು ಸ್ಕಿಜೋಫ್ರೇನಿಯಾ ಎಂದರು ಮನೋವೈದ್ಯರು. ಜ್ಯೂರಿ ಒಪ್ಪದೆ ಕೊಲೆಯ ಅಪರಾಧಿಯೆಂದೇ ತೀರ್ಮಾನಿಸಿತು. ಆದರೂ 1984ರಲ್ಲಿ ಆತನನ್ನು ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಗೆ ಸಾಗಿಸಬೇಕಾಯಿತು. 2020ರಲ್ಲಿ ಆತ ಸತ್ತ.

ಆತನ ಮನಸ್ಸಿನ ಕುರಿತ ವಾದ ಹೀಗೆ ಉಳಿಯಿತು. ತನಿಖೆಯ ಪಾಠ ಮಾತ್ರ ಸ್ಪಷ್ಟವಾಗಿತ್ತು: ಬೈಫರ್ಡ್ ವರದಿ ಲೋಪಗಳನ್ನು ಪಟ್ಟಿ ಮಾಡಿತು, ಮಾಹಿತಿಯನ್ನು ತಾಳೆ ನೋಡುವ ‘ಹೋಮ್ಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ 1980ರ ದಶಕದಲ್ಲಿ ಬ್ರಿಟಿಷ್ ಪೊಲೀಸರಿಗೆ ಬಂತು. ಕಾರ್ಡುಗಳ ಕೆಲಸವನ್ನು ಯಂತ್ರ ವಹಿಸಿಕೊಂಡೀತು. ಬದುಕುಳಿದ ಹೆಂಗಸಿನ ಮಾತನ್ನು ನಂಬುವ ಕೆಲಸ ಮಾತ್ರ ಮನುಷ್ಯನದೇ.