ತೆಂಗಿನ ಸೀಮೆಯಿಂದ ಲಂಕೆಗೆ

ಕೆಂಕೆರೆ, ಹುಳಿಯಾರು, ತಿಪಟೂರು ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಕಟ್ಟುತ್ತಿದ್ದುದೇ ಕಾಯಿಗೆ. ಬಲಿತ ಕಾಯನ್ನು ಸಿಪ್ಪೆಸಮೇತ ಮೇಲೇರಿಸಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು. ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟುಕೊಂಡು ಗುಂಡಗೆ ಒಣಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಉಂಡೆ ಕೊಬ್ಬರಿ ಆಯಿತೆಂದೇ ಲೆಕ್ಕ.

ಇಂಥ ಸೀಮೆಯವರು ಶ್ರೀಲಂಕಾ ಪ್ರವಾಸಕ್ಕೆ ಹೊರಟರೆ ಕೊಲಂಬೊ, ಕ್ಯಾಂಡಿ ನೋಡಿ ಬಂದರೆ ಸಾಲದು. ಕುರುನೆಗಲ, ಪುತ್ತಳಂ, ಗಂಪಹ ಜಿಲ್ಲೆಗಳ ‘ತೆಂಗಿನ ತ್ರಿಕೋನ’ಕ್ಕೆ ಒಂದು ದಿನವಾದರೂ ಮೀಸಲಿಡಬೇಕು. ಅಲ್ಲಿ ಕಾಯಿಯನ್ನು ಒಡೆದು ಹೋಳು ಮಾಡಿ, ಚಿಪ್ಪಿನ ಬೆಂಕಿಯ ಗೂಡಿನ ಮೇಲೆ ಹರಡಿ ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ಅದು ಗಾಣಕ್ಕೆ ಹೋಗುವ ಕೊಬ್ಬರಿ. ತಿಪಟೂರಿನದು ಬಾಯಿಗೆ, ಪೂಜೆಗೆ ಹೋಗುವಂಥದ್ದು. ಒಂದೇ ಮರದ ಫಲ ಎರಡು ನಾಡುಗಳಲ್ಲಿ ಎರಡು ದಾರಿ ಹಿಡಿದದ್ದನ್ನು ಕಣ್ಣಾರೆ ಕಂಡರೆ ನಮ್ಮ ಅಟ್ಟದ ಬೆಲೆ ಏನೆಂದು ಗೊತ್ತಾಗುತ್ತದೆ. ಆ ತ್ರಿಕೋನದೊಳಗಿನ ಲುನುವಿಲದಲ್ಲಿ 1929ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರವೂ ಇದೆ.

ಹಿಂದೆ ಲಂಕೆಗೆ ರೈಲು, ಹಡಗಿನ ದಾರಿಯೇ ಹೆಚ್ಚು. ತಿಪಟೂರಿನ ಮೇಲೆ ಹಾದುಹೋಗುವ ಬೆಂಗಳೂರು–ಹರಿಹರ ರೈಲು ಮಾರ್ಗ 1889ರಲ್ಲಿ ಪೂರ್ತಿಯಾಗಿತ್ತು. 1914ರಲ್ಲಿ ಪಾಂಬನ್ ಸೇತುವೆಯೂ ಬಂತು. ಅಲ್ಲಿಂದಾಚೆಗೆ ತಿಪಟೂರಿನಲ್ಲಿ ರೈಲು ಹತ್ತಿದವರು ಮದರಾಸಿನ ಎಗ್ಮೋರಿನಲ್ಲಿ ಬೋಟ್ ಮೇಲ್ ಹಿಡಿದು ಧನುಷ್ಕೋಡಿಗೆ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರಿಗೆ, ಮತ್ತೆ ರೈಲಿನಲ್ಲಿ ಕೊಲಂಬೊಗೆ ಹೋಗಬಹುದಿತ್ತು. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿಹಾಕಿತು. ರಾಮೇಶ್ವರದಿಂದ ಕೆಲವು ಕಾಲ ನಡೆದ ಹಡಗೂ ಲಂಕೆಯ ಅಂತರ್ಯುದ್ಧದ ದಿನಗಳಲ್ಲಿ ನಿಂತಿತು. 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಣದಿಂದ ಜಾಫ್ನಾದ ಕಾಂಕೇಸನ್‌ತುರೈಗೆ ಹಡಗು ಮತ್ತೆ ಶುರುವಾಯಿತು. ಆದರೆ ಹಿಂಗಾರು ಜೋರಾದರೆ ಅದು ಹೊರಡುವುದಿಲ್ಲ. ವಿಚಾರಿಸಿಕೊಂಡೇ ಹೊರಡುವುದು ಒಳ್ಳೆಯದು. ಬೆಂಗಳೂರಿನಿಂದ ವಿಮಾನವಂತೂ ಇದ್ದೇ ಇದೆ.

ಮಳೆಯ ಲೆಕ್ಕ ನಮ್ಮವರಿಗೆ ಬೇಗ ಹತ್ತುತ್ತದೆ. ಮುಂಗಾರು ಲಂಕೆಯ ನೈಋತ್ಯ ಕರಾವಳಿಯನ್ನು ನೆನೆಸಿದರೆ, ಹಿಂಗಾರು ಪೂರ್ವವನ್ನು. ಹಾಗಾಗಿ ಗಾಲೆ ಕಡೆಗೆ ಡಿಸೆಂಬರ್‌ನಿಂದ ಮಾರ್ಚ್, ತ್ರಿಂಕೋಮಲಿ ಕಡೆಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಸರಿಯಾದ ಕಾಲ. ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಸರ್ಕಾರಿ ರಜೆ. ಅಂದು ಮದ್ಯ ಮಾರುವಂತಿಲ್ಲ. ಬೌದ್ಧ ವಿಹಾರಕ್ಕೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಂಡರೆ ಅಲ್ಲಿಯ ಜನ ನೊಂದುಕೊಳ್ಳುತ್ತಾರೆ.

ತೆಂಗಿನವರಿಗೆ ಇದೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಬೇರೆಯಿದೆ. ನುಸಿಪೀಡೆಯ ನೆನಪು ನಮ್ಮ ಸೀಮೆಯಲ್ಲಿ ಇನ್ನೂ ಹಸಿಯಾಗಿದೆ. ಮೆಕ್ಸಿಕೊದ ಗೆರೆರೊ ಪ್ರಾಂತ್ಯದ ಕಾಯಿಗಳಲ್ಲಿ ಕಂಡ ಈ ನುಸಿಯನ್ನು 1965ರಲ್ಲಿ ವಿಜ್ಞಾನಿಗಳು ಗುರುತಿಸಿದರು. 1997ರಲ್ಲಿ ಲಂಕೆಯ ಕಲ್ಪಿಟಿಯದಲ್ಲಿ, 1998ರಲ್ಲಿ ಕೇರಳದ ಎರ್ನಾಕುಲಂನಲ್ಲಿ ಅದು ಕಾಣಿಸಿತು. ಹೆಚ್ಚು ಕಾಲ ಕಳೆಯುವ ಮೊದಲೇ ನಮ್ಮ ತೋಟಗಳಿಗೂ ಬಂತು. ಕಣ್ಣಿಗೆ ಕಾಣದ ಆ ಹುಳು ಎಳೆಗಾಯಿಯ ತೊಟ್ಟಿನ ಮುಚ್ಚಳದಡಿ ಕೂತು ರಸ ಹೀರುತ್ತದೆ. ತೊಟ್ಟಿನ ಕೆಳಗೆ ತ್ರಿಕೋನದ ಹಳದಿ ಮಚ್ಚೆ ಮೂಡಿ, ಕಂದಾಗಿ, ಸಿಪ್ಪೆ ಬಿರಿದು ಅಂಟು ಸುರಿಯುತ್ತದೆ. ಕಾಯಿ ಕುಗ್ಗುತ್ತದೆ, ಸುಲಿಯಲು ಕಷ್ಟ, ಕೊಬ್ಬರಿಯ ತೂಕವೂ ಇಳಿಯುತ್ತದೆ. ನುಸಿ ಗಾಳಿಯಲ್ಲೂ ಹೋಗುತ್ತದೆ, ಕಾಯಿಯ ಜೊತೆಗೂ ಪ್ರಯಾಣಿಸುತ್ತದೆ.

ಲಂಕೆಯ ದಕ್ಷಿಣದಲ್ಲಿ, ಪ್ರವಾಸಿಗರು ಅಲೆಯಾಟಕ್ಕೆಂದು ಮುಗಿಬೀಳುವ ವೆಲಿಗಾಮದಲ್ಲಿ, 2006ರ ಸುಮಾರಿಗೆ ಗರಿ ಬಾಡುವ ಇನ್ನೊಂದು ರೋಗ ಕಂಡುಬಂತು. ಊರಿನ ಹೆಸರೇ ರೋಗಕ್ಕೂ ಬಿತ್ತು. ಆ ಭಾಗದ ಜಿಲ್ಲೆಗಳಿಂದ ತೆಂಗಿನ ಸಸಿ ಹೊರಗೆ ಸಾಗಿಸುವುದನ್ನು ಅಲ್ಲಿನ ಸರ್ಕಾರವೇ ತಡೆದಿದೆ. ಹಾಗಿರುವಾಗ ದಾರಿಬದಿಯಲ್ಲಿ ಕಿತ್ತಳೆ ಬಣ್ಣದ ತಂಬಿಲಿ ಎಳನೀರನ್ನು ಹೊಟ್ಟೆ ತುಂಬ ಕುಡಿಯಲಿ, ಪೊಲ್ ಸಂಬೋಲ ಎನ್ನುವ ಕಾಯಿತುರಿಯ ಚಟ್ನಿ ಸವಿಯಲಿ. ಬೀಜದ ಕಾಯಿ, ಸಸಿ, ಹಸಿ ಗರಿಯಲ್ಲಿ ಹೆಣೆದ ಟೋಪಿಯನ್ನು ಮಾತ್ರ ಚೀಲದಲ್ಲಿ ತುಂಬಿಕೊಂಡು ಬರಬಾರದು. ಅಲ್ಲಿಂದ ತಳಿ ತರುವ ಅಗತ್ಯವೂ ನಮಗಿಲ್ಲ: ಉಂಡೆ ಕೊಬ್ಬರಿಗೆ ಹೇಳಿ ಮಾಡಿಸಿದ, ಬರ ತಡೆಯುವ ‘ಕಲ್ಪತರು’ ತಳಿಯನ್ನು ತಿಪಟೂರಿನ ಎತ್ತರದ ಮರಗಳಿಂದಲೇ ಆರಿಸಿದ್ದಾರೆ.